ಹೇಗೆ ಬ್ಯಾಲೆನ್ಸ್ ಮಾಡ್ತೀರಿ ಅಂತ ಕೇಳೋ ಮೊದಲು

ಕಳೆದ ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಬ್ಬ ಕಾದಂಬರಿಗಾರ್ತಿ ಬಂದಿದ್ದರು. ಸೆಮಿನಾರ್ ಹಾಲ್ ಅರ್ಧ ತುಂಬಿತ್ತು. ಅದರಲ್ಲೂ ಅರ್ಧ ಜನ ಅಟೆಂಡೆನ್ಸ್ ಸಿಗುತ್ತೆ ಅಂತ ಬಂದವರು (ನೀವು ಯಾರು ಅಂತ ನನಗೆ ಗೊತ್ತು). ಭಾಷಣ ಮುಗಿದ ಮೇಲೆ "ಪ್ರಶ್ನೆಗಳಿದ್ದರೆ ಕೇಳಿ" ಅಂದರು. ಯಾರೂ ಕೈ ಎತ್ತಲಿಲ್ಲ. ಸಂಘದ ಮರ್ಯಾದೆ ಹೋಗಬಾರದು ಅಂತ ನಾನು ಎತ್ತಿದೆ.

"ಮೇಡಂ, ಸಂಸಾರ, ಮಕ್ಕಳು, ಬರವಣಿಗೆ, ಇದನ್ನೆಲ್ಲ ಹೇಗೆ ಬ್ಯಾಲೆನ್ಸ್ ಮಾಡ್ತೀರಿ?"

ಚಪ್ಪಾಳೆ ಬಿತ್ತು. ಅವರು ನಕ್ಕು, ಮನೆಯವರ ಸಹಕಾರ ಇದೆ, ಅತ್ತೆಯವರ ಆಶೀರ್ವಾದ ಇದೆ ಅಂತ ಎರಡು ಮಾತು ಹೇಳಿ, ಗಡಿಯಾರ ನೋಡಿ, ಸಂಜೆ ಐದರ ಬಸ್ಸಿಗೆ ಹೊರಟರು. ಮಗನಿಗೆ ಮರುದಿನ ಪರೀಕ್ಷೆ ಇತ್ತಂತೆ. ಒಳ್ಳೆ ಪ್ರಶ್ನೆ ಕೇಳಿದೆ ಅಂತ ನನಗೆ ಒಳಗೊಳಗೇ ಖುಷಿ. ನಮ್ಮ ಸಂಘದ ಇನ್‌ಸ್ಟಾಗ್ರಾಂ ಪೋಸ್ಟಿನಲ್ಲಿ ನಾನು ಮೈಕ್ ಹಿಡಿದ ಫೋಟೋನೂ ಬಂತು.

ರಾತ್ರಿ ಮನೆಗೆ ಫೋನ್ ಮಾಡಿ ಮಮ್ಮಿಗೆ ಹೇಳಿದೆ. ನಮ್ಮೂರು ಬನಹಟ್ಟಿ. ಫೋನಿನಲ್ಲಿ ಮೊದಲು ಕೇಳೋದು ಹಿತ್ತಲಿನ ಮಗ್ಗದ ಖಟಖಟ, ಆಮೇಲೆ ಮಮ್ಮಿ ದನಿ.

"ಏನ್ ಬರದಾರ ಅವ್ರು?"

"ಕಾದಂಬರಿ, ಮಮ್ಮಿ. ಮೂರೋ ನಾಕೋ."

"ಅದರಾಗ ಏನೈತಿ?"

"ಗೊತ್ತಿಲ್ಲ. ನಾ ಓದಿಲ್ಲ."

"ಹಂಗಾರ ಏನ್ ಕೇಳ್ದಿ ಅವ್ರಿಗೆ?"

ಕೇಳಿದ್ದನ್ನು ಹೇಳಿದೆ. ಮಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟ್ ದೂರದಿಂದ ಕರಸಿ, ಅಡಗಿ ಯಾರ್ ಮಾಡ್ತಾರಂತ ಕೇಳಿ ಕಳಿಸಿದ್ರಿ" ಅಂದಳು.

ಆವತ್ತಿನಿಂದ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಈ ಲೇಖನ ಅದರ ಬಗ್ಗೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡ ನನಗೆ ಬರೋದು ಮನೆಯಿಂದ. ವ್ಯಾಕರಣದಲ್ಲಿ ತಪ್ಪಿದ್ದರೆ ಸಂಪಾದಕರು ತಿದ್ದಲಿ, ಅಭಿಪ್ರಾಯ ಮಾತ್ರ ತಿದ್ದೋದು ಬೇಡ.

ಮೊದಲು ನಮ್ಮ ಕಡೆಯವರ ವಿಷಯದಿಂದಲೇ ಶುರು ಮಾಡ್ತೀನಿ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಬಂದವರು ಈ ಕ್ಯಾಂಪಸ್ಸಿನಲ್ಲಿ ಸಾಕಷ್ಟು ಜನ ಇದ್ದೀವಿ. ಮುಧೋಳ ಅಂದ ಕೂಡಲೇ ಎಲ್ಲರೂ ನಾಯಿ ಅಂತಾರೆ. ನಾವು ಸಿಟ್ಟಾಗಿ "ರನ್ನನ ಊರು ಅದು" ಅಂತೀವಿ. ಬಳೆಗಾರರ ಮನೆತನದಲ್ಲಿ ಹುಟ್ಟಿ, ಗದಾಯುದ್ಧ ಬರೆದು, ಕವಿಚಕ್ರವರ್ತಿ ಅನ್ನಿಸಿಕೊಂಡ ರನ್ನ. ಅವನಿಗೆ ಇಬ್ಬರು ಹೆಂಡಂದಿರು, ಜಕ್ಕಿ ಮತ್ತು ಶಾಂತಿ. ಇಬ್ಬರು ಮಕ್ಕಳು, ರಾಯ ಅನ್ನೋ ಮಗ, ಅತ್ತಿಮಬ್ಬೆ ಅನ್ನೋ ಮಗಳು. ತನಗೆ ಆಶ್ರಯ ಕೊಟ್ಟ ಚಾವುಂಡರಾಯ ಮತ್ತು ಅತ್ತಿಮಬ್ಬೆ ಇಬ್ಬರ ಹೆಸರನ್ನೇ ಮಕ್ಕಳಿಗೆ ಇಟ್ಟ. ಇದಿಷ್ಟನ್ನೂ ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀವಿ. ಆದರೆ ಸಾವಿರ ವರ್ಷದಲ್ಲಿ ಒಬ್ಬರಾದರೂ, ಎರಡು ಸಂಸಾರ, ಎರಡು ಮಕ್ಕಳು ಇಟ್ಟುಕೊಂಡು ಗದಾಯುದ್ಧ ಹೇಗೆ ಬ್ಯಾಲೆನ್ಸ್ ಮಾಡಿದೆಯಪ್ಪಾ ಅಂತ ಕೇಳಿದ್ದಾರಾ? ಭೀಮ ದುರ್ಯೋಧನರು ಗದೆ ಎತ್ತೋ ಹೊತ್ತಿಗೆ ಒಳಗೆ ಮಗು ಅತ್ತರೆ ಎದ್ದು ಹೋಗ್ತಿದ್ದವರು ಯಾರು? ಜಕ್ಕಿನಾ, ಶಾಂತಿನಾ?

ಇದರಲ್ಲಿ ಇನ್ನೊಂದು ಮಜಾ ಇದೆ. ರನ್ನನ ಅಜಿತಪುರಾಣ 993ರದ್ದು. ಅದನ್ನ ಬರೆಸಿದವಳು ಅತ್ತಿಮಬ್ಬೆ. ಗಂಡ ನಾಗದೇವ ಯುದ್ಧದಲ್ಲಿ ಸತ್ತ ಮೇಲೆ ಮಗ ಅಣ್ಣಿಗನನ್ನು ಒಬ್ಬಳೇ ಬೆಳೆಸಿದವಳು. ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದವಳೂ ಅವಳೇ, ಪ್ರಿಂಟರ್ ಇಲ್ಲದ ಕಾಲದಲ್ಲಿ. ಅಂದರೆ ನಮ್ಮ ಮುಧೋಳದ ಕವಿ ಕೂತು ಬರೆಯೋಕೆ ಬೇಕಾದ ಹೊತ್ತನ್ನ, ಅನ್ನವನ್ನ ಕೊಟ್ಟಿದ್ದು ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ಒಬ್ಬ ಸಿಂಗಲ್ ಮದರ್. ಬರಹಗಾರನಿಗೆ ಹೊತ್ತು ಆಕಾಶದಿಂದ ಬೀಳೋದಿಲ್ಲ, ಯಾರೋ ಒಬ್ಬರು ಅದನ್ನ ಕೊಡಬೇಕು ಅನ್ನೋದು ಹತ್ತನೇ ಶತಮಾನದಲ್ಲೇ ಗೊತ್ತಿದ್ದ ವಿಷಯ. ಗಂಡಸಿಗೆ ಕೊಟ್ಟರೆ ಅದರ ಹೆಸರು ಆಶ್ರಯ. ಹೆಂಗಸಿಗೆ ಕೊಟ್ಟರೆ ಅದರ ಹೆಸರು "ಮನೆಯವರ ಸಹಕಾರ", ಅದಕ್ಕೆ ಆಕೆ ಸ್ಟೇಜ್ ಮೇಲೆ ನಿಂತು ಥ್ಯಾಂಕ್ಸ್ ಬೇರೆ ಹೇಳಬೇಕು.

ಕಾದಂಬರಿಗೆ ಬರೋಣ. ಬೀಳಗಿ ಅಂದರೆ ಸನಾದಿ ಅಪ್ಪಣ್ಣ. ಆ ಕಥೆಯನ್ನ ಕಾದಂಬರಿ ಮಾಡಿದವರು ಕೃಷ್ಣಮೂರ್ತಿ ಪುರಾಣಿಕರು, ರಾಜಕುಮಾರ್ ಸಿನಿಮಾ 1977ರದ್ದು. ಜಮಖಂಡಿ ತಾಲೂಕಿನ ಕಲ್ಲಹಳ್ಳಿಯಲ್ಲಿ ನೆಲೆಸಿ ಬರೆದವರು ಸತ್ಯಕಾಮರು. ಚಿಕ್ಕವಳಿದ್ದಾಗಿನಿಂದ ನಮ್ಮ ಭಾಗದ ಸಾಹಿತಿಗಳು ಅಂತ ಭಾಷಣದಲ್ಲಿ, ಬ್ಯಾನರಿನಲ್ಲಿ ನಾನು ಕೇಳಿದ, ನೋಡಿದ ಹೆಸರುಗಳು ಇಂಥವೇ. ಅದರಲ್ಲಿ ಒಂದೂ ಹೆಂಗಸಿನ ಹೆಸರಿರಲಿಲ್ಲ. ನಮ್ಮ ಕಡೆ ಹೆಂಗಸರಿಗೆ ಕಥೆ ಬರಲ್ಲ ಅಂತ ಯಾರಾದರೂ ಹೇಳಿದರೆ, ಅವರು ನಮ್ಮ ಓಣಿಯಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಬಂದು ಕೂರಲಿ. ಕಂಡಿಕೆ ಸುತ್ತುತ್ತಾ ಸುತ್ತುತ್ತಾ ನಮ್ಮ ಆಯಿ ಹೇಳೋ ಒಂದೊಂದು ಮನೆತನದ ಕಥೆ ಮೂರು ಸೀಸನ್ ವೆಬ್ ಸೀರೀಸಿಗೆ ಆಗುತ್ತೆ. ಆದರೆ ಕಥೆ ಹೇಳೋದು ಕೈ ಕೆಲಸ ಮಾಡ್ತಾನೇ ಆಗುತ್ತೆ. ಕಾದಂಬರಿ ಬರೆಯೋಕೆ ಕೈ ಖಾಲಿ ಇರಬೇಕು.

ಈಗ ಲೆಕ್ಕ. ನಾವು ಇಂಜಿನಿಯರ್‌ಗಳು, ಲೆಕ್ಕ ಇಲ್ಲದೆ ನಂಬಲ್ಲ. ಕೇಂದ್ರ ಸರ್ಕಾರದ 2024ರ ಟೈಮ್ ಯೂಸ್ ಸರ್ವೇ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಇದು ಆ ಕೆಲಸ ಮಾಡುವವರ ಸರಾಸರಿ ಮಾತ್ರ. ಮನೆಗೆಲಸ ಮುಟ್ಟದೇ ಇರೋ ಗಂಡಸರು ಆ 88ರ ಲೆಕ್ಕಕ್ಕೇ ಬಂದಿಲ್ಲ. ಮಕ್ಕಳನ್ನ, ಮುದುಕರನ್ನ ನೋಡಿಕೊಳ್ಳೋದು ಬೇರೆ ಕಾಲಂ, ಅದರಲ್ಲಿ 137 ಮತ್ತು 75. ಬರೀ ಮನೆಗೆಲಸದ ವ್ಯತ್ಯಾಸ ತಗೊಂಡರೂ 201 ನಿಮಿಷ. ವರ್ಷಕ್ಕೆ 73,365 ನಿಮಿಷ, ಅಂದರೆ 1,222 ಗಂಟೆ. ಗಂಟೆಗೆ ಅರ್ಧ ಪುಟ ಅಂತ ಆಮೆ ವೇಗದಲ್ಲಿ ಬರೆದರೂ ವರ್ಷಕ್ಕೆ 600 ಪುಟ. ನಮ್ಮ ಮನೆಗಳಲ್ಲಿ ಪ್ರತಿ ವರ್ಷ ಒಂದು ದಪ್ಪ ಕಾದಂಬರಿ ರೊಟ್ಟಿ ಜೊತೆ ಬೆಂದು ಹೋಗ್ತಿದೆ.

ಗಂಟೆ ಎಷ್ಟು ಅನ್ನೋದಕ್ಕಿಂತ ಅದು ಹೇಗೆ ಸಿಗುತ್ತೆ ಅನ್ನೋದು ಇನ್ನೂ ದೊಡ್ಡ ಸಮಸ್ಯೆ. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡದವರಿಗೆ ಕಾಂಟೆಕ್ಸ್ಟ್ ಸ್ವಿಚ್ ನೆನಪಿರಬೇಕು. ಒಂದು ಪ್ರೋಸೆಸ್ ನಿಲ್ಲಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಇದರ ಸ್ಥಿತಿಯನ್ನೆಲ್ಲ ಎತ್ತಿಟ್ಟು, ಅದರದ್ದನ್ನ ತಂದು ಹಾಕಬೇಕು. ಆ ಹೊತ್ತಿನಲ್ಲಿ ಉಪಯೋಗದ ಕೆಲಸ ಏನೂ ನಡೆಯಲ್ಲ. ಸ್ವಿಚ್ ಜಾಸ್ತಿಯಾದರೆ ಸಿಸ್ಟಮ್ ಇಡೀ ದಿನ ಬಿಸಿ ಇರುತ್ತೆ, ಔಟ್‌ಪುಟ್ ಇರಲ್ಲ. ಮಗು ಇರೋ ಮನೆಯಲ್ಲಿ ತಾಯಿಗೆ ಸಿಗೋ ಬಿಡುವು ಹತ್ತು ನಿಮಿಷದ ತುಂಡುಗಳು. ಆ ಹತ್ತು ನಿಮಿಷದಲ್ಲಿ ಕಾದಂಬರಿಯ ಹುಡುಗಿ ಯಾವ ಬಾಗಿಲ ಹತ್ತಿರ ನಿಂತಿದ್ದಳು ಅಂತ ನೆನಪಾಗೋದ್ರಲ್ಲಿ ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತೆ.

ಹಾಗಾದರೆ ಬರೆದವರು ಹೇಗೆ ಬರೆದರು? ಇದನ್ನ ತಿಳಿಯೋಣ ಅಂತ ಈ ಸೆಮಿಸ್ಟರ್ ಲೈಬ್ರರಿಯ ಕನ್ನಡ ರ‍್ಯಾಕಿಗೆ ಹೋದೆ. (ಅಂಥ ಒಂದು ರ‍್ಯಾಕ್ ಇದೆ, ಜರ್ನಲ್ಸ್ ಸೆಕ್ಷನ್ ಹಿಂದೆ, ಟ್ಯೂಬ್‌ಲೈಟ್ ಇಲ್ಲದ ಜಾಗದಲ್ಲಿ.)

ಮೊದಲು ಸಿಕ್ಕಿದ್ದು ತ್ರಿವೇಣಿ. ನಿಜ ಹೆಸರು ಅನಸೂಯ, ಹುಟ್ಟಿದ್ದು 1928, ಓದಿದ್ದು ಮನಃಶಾಸ್ತ್ರ, ಮದುವೆಯಾಗಿ ಇದ್ದದ್ದು ಮೈಸೂರು. ಸುಮಾರು ಹತ್ತು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ. ಶರಪಂಜರದ ಕಾವೇರಿ ಬಾಣಂತನದಲ್ಲಿ ಮಾನಸಿಕ ಕಾಯಿಲೆಗೆ ಬೀಳ್ತಾಳೆ, ಆಸ್ಪತ್ರೆಯಿಂದ ಗುಣವಾಗಿ ಬರ್ತಾಳೆ. ಆದರೆ ಮನೆ ಅವಳನ್ನ ನಂಬಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದರು, ಕಲ್ಪನಾ ಅಭಿನಯ ನಮ್ಮ ಮಮ್ಮಿ ತಲೆಮಾರಿಗೆ ಇನ್ನೂ ಬಾಯಿಪಾಠ. ನಾನು ಪುಸ್ತಕವನ್ನ ಹಾಸ್ಟೆಲ್ಲಿನಲ್ಲಿ ಎರಡು ರಾತ್ರಿಯಲ್ಲಿ ಓದಿದೆ, ಇಂಟರ್ನಲ್ಸ್ ಹಿಂದಿನ ವಾರ. ಬೇಜಾರಾಗಿದ್ದು ಪುಸ್ತಕ ಮುಗಿದ ಮೇಲೆ, ಲೇಖಕಿಯ ಪರಿಚಯ ಓದಿದಾಗ. 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. 34 ವರ್ಷ. ಬಾಣಂತಿಯ ಮನಸ್ಸಿನ ಬಗ್ಗೆ ಕನ್ನಡದಲ್ಲಿ ಇಷ್ಟು ದೊಡ್ಡ ಕಾದಂಬರಿ ಬರೆದವರಿಗೆ ತಾಯಿಯಾಗಿ ಬದುಕೋಕೆ ಸಿಕ್ಕಿದ್ದು ಕೆಲವೇ ದಿನ. "ಬರವಣಿಗೆ ಮತ್ತು ತಾಯ್ತನ ಹೇಗೆ ಬ್ಯಾಲೆನ್ಸ್ ಮಾಡಿದಿರಿ" ಅಂತ ಅವರನ್ನ ಕೇಳೋ ಅವಕಾಶವೇ ಯಾರಿಗೂ ಸಿಗಲಿಲ್ಲ.

ಅದೇ 1963ರಲ್ಲಿ ಇನ್ನೊಂದು ನಡೆಯಿತು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ತುಂಗಭದ್ರ ಪ್ರಕಟವಾಯಿತು. ಅವರು ಹುಟ್ಟಿದ್ದು 1917. ಶಾಲೆ ಏಳು ವರ್ಷ, ಮದುವೆ ಹನ್ನೆರಡನೇ ವಯಸ್ಸಿಗೆ, ಮೊದಲ ಕಾದಂಬರಿ 46ಕ್ಕೆ. ಆಮೇಲೆ ನಿಲ್ಲಲೇ ಇಲ್ಲ. ಗೆಜ್ಜೆಪೂಜೆ, ಫಣಿಯಮ್ಮ, ಹೀಗೆ ಬರೀತಾನೇ ಹೋದರು. ಇದನ್ನ ಓದಿ ನಮ್ಮ ರೂಮ್‌ಮೇಟ್ "ನೋಡೇ, 46ಕ್ಕೆ ಶುರು ಮಾಡಿದ್ರೂ ಆಗುತ್ತೆ, ಎಷ್ಟು ಇನ್‌ಸ್ಪೈರಿಂಗ್" ಅಂದಳು. ನನಗೆ ಅದು ಇನ್‌ಸ್ಪೈರಿಂಗ್ ಅನ್ನಿಸಲಿಲ್ಲ. ಹನ್ನೆರಡರಿಂದ ನಲವತ್ತಾರು, ಮೂವತ್ತನಾಲ್ಕು ವರ್ಷ. ತ್ರಿವೇಣಿ ಬದುಕಿದ್ದೇ ಅಷ್ಟು ವರ್ಷ. ಒಬ್ಬ ಗಂಡಸು 46ಕ್ಕೆ ಮೊದಲ ಪುಸ್ತಕ ತಂದರೆ "ಇಷ್ಟು ದಿನ ಏನು ಮಾಡ್ತಿದ್ದರು?" ಅಂತ ಕೇಳ್ತೀವಿ. ಹೆಂಗಸಾದರೆ ಕೇಳೋದೇ ಇಲ್ಲ, ಏನು ಮಾಡ್ತಿದ್ದರು ಅಂತ ಎಲ್ಲರಿಗೂ ಗೊತ್ತಲ್ಲ.

ಇದಕ್ಕೆ ಎದುರು ಮಾತೂ ಇದೆ. ತಾಯ್ತನ ಬರವಣಿಗೆಗೆ ಅಡ್ಡಿ ಅಂತ ಯಾಕೆ ಅಂದ್ಕೋತೀಯಾ, ಅದರಿಂದಲೇ ಎಷ್ಟೋ ಪುಸ್ತಕ ಹುಟ್ಟಿವೆ ಅಂತ ನಮ್ಮ ಸಂಘದ ಒಬ್ಬ ಸೀನಿಯರ್ ವಾದ ಮಾಡಿದರು. ನಿಜ ಇದೆ, ಒಪ್ತೀನಿ. ಅನುಪಮಾ ನಿರಂಜನ ಡಾಕ್ಟರ್, ಕಾದಂಬರಿಗಾರ್ತಿ, ಇಬ್ಬರು ಹೆಣ್ಣುಮಕ್ಕಳ ತಾಯಿ. ತಾಯಿ ಮಗು ಅಂತ ಬಸುರಿ ಬಾಣಂತಿಯರಿಗಾಗಿ ಪುಸ್ತಕ ಬರೆದರು. ಮಕ್ಕಳಿಗೆ ದಿನಕ್ಕೊಂದು ಕಥೆ ಬರೆದರು. ಮಾಧವಿ ಅನ್ನೋ ಕಾದಂಬರಿಯಲ್ಲಿ ಯಯಾತಿಯ ಮಗಳನ್ನ ಒಬ್ಬ ರಾಜನಿಂದ ಇನ್ನೊಬ್ಬ ರಾಜನಿಗೆ, ಮಗ ಹೆತ್ತು ಕೊಡೋಕೆ ಅಂತ ಸಾಲ ಕೊಟ್ಟ ಹಾಗೆ ಕೊಡೋ ಕಥೆಯನ್ನ ತಗೊಂಡರು. ಕುದುರೆಗೆ ಬದಲಾಗಿ ಒಂದು ಗರ್ಭ. ಹೆರೋದನ್ನ ಒಳಗಿನಿಂದ ಬಲ್ಲವರು, ದಿನಾ ಬಸುರಿಯರನ್ನ ನೋಡೋ ಡಾಕ್ಟರು ಆ ಕಥೆಗೆ ಕೈ ಹಾಕಿದರು ಅನ್ನೋದು ಸಣ್ಣ ವಿಷಯ ಅಲ್ಲ. ಅಡುಗೆಮನೆ ಸಾಹಿತ್ಯ ಅಂತ ಹೆಂಗಸರ ಕಾದಂಬರಿಗಳನ್ನ ಗೇಲಿ ಮಾಡಿದ ವಿಮರ್ಶಕರು ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದರೋ ಗೊತ್ತಿಲ್ಲ. ಅಲ್ಲಿ ಇಡೀ ಮನೆಯ ರಾಜಕೀಯ ನಡೆಯುತ್ತೆ.

ಹಾಗಾಗಿ ಸೀನಿಯರ್ ಹೇಳಿದ್ದು ಸರಿ, ಅನುಭವ ಅಡ್ಡಿ ಅಲ್ಲ. ಅನುಭವ ಬರೆದಿಡೋಕೆ ಹೊತ್ತು ಬೇಕು, ಅಷ್ಟೇ. ಅನುಭವ ಎಲ್ಲರಿಗೂ ಬರುತ್ತೆ, ಹೊತ್ತು ಮನೆ ನೋಡಿ ಬರುತ್ತೆ.

ಸುಧಾ ಮೂರ್ತಿಯವರ ಹೆಸರು ನಮ್ಮಲ್ಲಿ ಎಲ್ಲರೂ ತೆಗೀತಾರೆ, ಯಾಕಂದ್ರೆ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು, ಡಾಲರ್ ಸೊಸೆ, ಮಹಾಶ್ವೇತೆ ಬರೆದವರು. ಇಂಜಿನಿಯರ್, ಲೇಖಕಿ, ತಾಯಿ, ಮೂರೂ ಆಯ್ತಲ್ಲ ಅಂತ ಉದಾಹರಣೆ ಕೊಡ್ತಾರೆ. ಆದರೆ ಅವರ ಮಗಳು 1980ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರೂ ಮುಂಬೈನಲ್ಲಿ ಕೆಲಸ ಮಾಡ್ತಿದ್ದರು, ಕೂಸು ಅಜ್ಜ ಅಜ್ಜಿಯ ಹತ್ತಿರ ಹುಬ್ಬಳ್ಳಿಯಲ್ಲಿತ್ತು, ಅದು ಕಷ್ಟದ ನಿರ್ಧಾರವಾಗಿತ್ತು ಅಂತ ನಾರಾಯಣ ಮೂರ್ತಿಯವರೇ ಮಗಳಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ. ಇದನ್ನ ತಪ್ಪು ಅಂತ ನಾನು ಹೇಳ್ತಿಲ್ಲ. ಇದನ್ನ ಮುಚ್ಚಿಡದೆ ಹೇಳಿದ್ದೇ ನನಗೆ ಇಷ್ಟವಾಗಿದ್ದು. ಆ ಕಥೆಯೊಳಗೆ ಒಬ್ಬ ಅಜ್ಜಿ ಇದ್ದಾರೆ ಅನ್ನೋದು ಮುಖ್ಯ.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿದೆಯಾ? ಒಂದು ಬೀಮ್ ಬ್ಯಾಲೆನ್ಸ್ ಆಗಿದೆ ಅಂದರೆ ಬೀಮ್ ಜಾಣ ಇದೆ ಅಂತ ಅರ್ಥ ಅಲ್ಲ. ಕೆಳಗೆ ಸಪೋರ್ಟ್ ಇದೆ ಅಂತ ಅರ್ಥ. ಫ್ರೀ ಬಾಡಿ ಡಯಾಗ್ರಾಮ್ ಬರೆಯೋವಾಗ ಸಪೋರ್ಟ್ ರಿಯಾಕ್ಷನ್ ಬಿಟ್ಟರೆ ಸೊನ್ನೆ ಮಾರ್ಕ್ಸ್. ನಾನು ಆ ಮೇಡಂಗೆ ಕೇಳಿದ ಪ್ರಶ್ನೆ ಅಂಥದ್ದೇ. ರಿಯಾಕ್ಷನ್‌ಗಳನ್ನೆಲ್ಲ ಅಳಿಸಿ ಹಾಕಿ, ಬೀಮನ್ನೇ "ನೀನು ಹೇಗಮ್ಮಾ ಬೀಳ್ದೆ ನಿಂತಿದ್ದೀಯ?" ಅಂತ ಕೇಳಿದ ಹಾಗೆ. ಕೇಳಬೇಕಾಗಿದ್ದು ಪಕ್ಕದಲ್ಲಿ ಕೂತಿದ್ದ ಅವರ ಯಜಮಾನರನ್ನ. ಅವರು ಬಂದಿದ್ದರು, ಮೊದಲ ಸಾಲಿನಲ್ಲೇ ಇದ್ದರು, ಫೋಟೋ ತೆಗೀತಿದ್ದರು. ಅವರನ್ನ ಯಾರೂ ಏನೂ ಕೇಳಲಿಲ್ಲ.

ಬೇರೆ ದೇಶದಲ್ಲಿ ಏನೂ ಬೇರೆ ಇಲ್ಲ. ಅಮೆರಿಕದ ಶರ್ಲಿ ಜಾಕ್ಸನ್ ತಮ್ಮ ಮೂರನೇ ಹೆರಿಗೆಗೆ ಆಸ್ಪತ್ರೆಗೆ ಹೋದಾಗ, ಫಾರ್ಮ್ ತುಂಬೋಳು ಉದ್ಯೋಗ ಏನು ಅಂತ ಕೇಳಿದಳಂತೆ. ಬರಹಗಾರ್ತಿ ಅಂದರು. ಅವಳು ಗೃಹಿಣಿ ಅಂತ ಬರ್ಕೋತೀನಿ ಅಂದಳಂತೆ. ಟೋನಿ ಮಾರಿಸನ್ ಒಬ್ಬರೇ ಇಬ್ಬರು ಗಂಡುಮಕ್ಕಳನ್ನ ಬೆಳೆಸುತ್ತಾ, ಪ್ರಕಾಶನದಲ್ಲಿ ಕೆಲಸ ಮಾಡುತ್ತಾ, ಮಕ್ಕಳು ಏಳೋ ಮೊದಲು ನಸುಕಿನಲ್ಲಿ ಎದ್ದು ಬರೀತಿದ್ದರು, 1993ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಲ್ಲಿ ಶುರುವಾಗಿ, ಕನ್ನಡದ ಒಬ್ಬ ಮಹಿಳೆಗೆ ಅದು ಸಿಕ್ಕಿದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣ ಅವರ ಬದುಕು ಕಾದಂಬರಿಗೆ. ನಡುವೆ 49 ವರ್ಷ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇದೇ ಕ್ಯಾಂಪಸ್ಸಿನಲ್ಲಿ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಮದುವೆಯಾದ ಹೊಸತರಲ್ಲಿ ಮನೆಯೊಳಗೇ ಉಳಿಯಬೇಕಾದ ಬಗ್ಗೆ, 29ನೇ ವಯಸ್ಸಿನಲ್ಲಿ ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಅವರು ಸಂದರ್ಶನಗಳಲ್ಲಿ ಮುಕ್ತವಾಗಿ ಹೇಳಿದ್ದಾರೆ. ಶರಪಂಜರ ಬರೀ ಹಳೇ ಸಿನಿಮಾ ಅಂದುಕೊಂಡವರು ಆ ಸಂದರ್ಶನ ಓದಿ.

ಇನ್ನೊಂದು ಮಾತು. 2017ರ ತಿದ್ದುಪಡಿ ಆದಮೇಲೆ ಕಂಪನಿಯಲ್ಲಿ ಕೆಲಸ ಮಾಡೋ ಹೆಂಗಸರಿಗೆ 26 ವಾರ ಹೆರಿಗೆ ರಜೆ ಇದೆ. ನಾಳೆ ನಮ್ಮಲ್ಲಿ ಎಷ್ಟೋ ಹುಡುಗಿಯರಿಗೆ ಅದು ಸಿಗುತ್ತೆ. ಕಾದಂಬರಿಗೆ ಯಾವ ಎಚ್.ಆರ್. ಇದ್ದಾರೆ? ರಜೆ ಹಾಕೋದು ಯಾರ ಹತ್ತಿರ?

ಈಗ ನನ್ನ ವಿಷಯ. ಗೂಗಲ್ ಡಾಕ್ಸ್‌ನಲ್ಲಿ ನನ್ನದೊಂದು ಕಾದಂಬರಿ ಇದೆ. ಹನ್ನೊಂದು ಪುಟ. ನೇಕಾರರ ಓಣಿಯ ಕಥೆ. ಯಾರಿಗೂ ತೋರಿಸಿಲ್ಲ, ಕೇಳಬೇಡಿ. ದೀಪಾವಳಿಗೆ ಊರಿಗೆ ಹೋದಾಗ ಬಂದ ನೆಂಟರೊಬ್ಬರು "ಇಂಜಿನಿಯರಿಂಗ್ ಮುಗದ ಮ್ಯಾಲ ಒಂದ್ ವರ್ಷ ನೌಕರಿ ಮಾಡ್ಲಿ, ಆಮ್ಯಾಲ ನೋಡೂಣು" ಅಂತ ಪಪ್ಪಾಗೆ ಹೇಳ್ತಿದ್ದರು. ನೋಡೋದು ಏನನ್ನ ಅಂತ ನಿಮಗೆ ಗೊತ್ತು. ನಾನು ಒಳಗೆ ಕೂತು ಲೆಕ್ಕ ಹಾಕಿದೆ. ಈಗ 19. ಇನ್ನು ಮೂರು ನಾಲ್ಕು ವರ್ಷ. ವರ್ಷಕ್ಕೆ ಐದೂವರೆ ಪುಟದ ನನ್ನ ಈಗಿನ ಸ್ಪೀಡಿನಲ್ಲಿ ಮೂವತ್ತು ಪುಟ ದಾಟಲ್ಲ. ಆವತ್ತು ಆ ಮೇಡಂಗೆ ನಾನು ಯಾಕೆ ಹಾಗೆ ಕೇಳಿದೆ ಅಂತ ಆಗ ಹೊಳೀತು. ನಾನು ಅವರ ಬಗ್ಗೆ ಕೇಳಿರಲೇ ಇಲ್ಲ. ನನಗೇ ಹೆದರಿಕೆ ಆಗಿತ್ತು.

ಅದೇ ರಜೆಯಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗ ನಿಂತವು. ನಮ್ಮ ಮನೆಯಲ್ಲಿ ಮಮ್ಮಿ ಓದೋದು ಕರೆಂಟ್ ಹೋದಾಗಲೇ. ಜಮಖಂಡಿಯಲ್ಲಿ ಕಾಲೇಜಿಗೆ ಹೋಗೋವಾಗ ವಾರಕ್ಕೆ ನಾಲ್ಕು ಕಾದಂಬರಿ ಓದ್ತಿದ್ದವಳು ಅವಳು, ತ್ರಿವೇಣಿಯಿಂದ ಸಾಯಿಸುತೆವರೆಗೆ. ಬಿ.ಎ. ಎರಡನೇ ವರ್ಷದಲ್ಲಿ ಮದುವೆ ಆಯ್ತು. ನಾನು ಸುಮ್ಮನೆ ಕೇಳಿದೆ, ನೀನು ಯಾವತ್ತಾದರೂ ಬರೀಬೇಕು ಅಂದ್ಕೊಂಡಿದ್ದೆಯಾ ಅಂತ.

"ಬರದಿದ್ದೆ. ನಲವತ್ತ್ ಪೇಜ್ ಆಗಿತ್ತು."

"ಆಮ್ಯಾಲ?"

"ಆಮ್ಯಾಲ ನೀ ಹುಟ್ಟಿದಿ."

ಹೇಳೋವಾಗ ಅವಳ ಮುಖದಲ್ಲಿ ದುಃಖ ಏನೂ ಇರಲಿಲ್ಲ. ಮಳೆ ಬಂತು, ಬಟ್ಟೆ ಒಳಗೆ ತಂದೆ ಅನ್ನೋ ಹಾಗೆ ಹೇಳಿದಳು. ಆ ನಲವತ್ತು ಪುಟ ಎಲ್ಲಿದೆ ಅಂದರೆ, ಮನೆ ಕಟ್ಟಿಸೋವಾಗ ಎಲ್ಲೋ ಹೋಯಿತು ಅಂದಳು. ಅದರಲ್ಲಿ ಏನಿತ್ತು ಅಂತ ಕೇಳಿದೆ. ಈ ಸಲ ಸರಿಯಾದ ಪ್ರಶ್ನೆ ಕೇಳಿದೆ ಅಂತ ಅನ್ನಿಸಿತು, ಯಾಕಂದ್ರೆ ಕರೆಂಟ್ ಬರೋವರೆಗೂ ಮಮ್ಮಿ ಹೇಳಿದಳು. ಒಬ್ಬ ಅಕ್ಕ, ಒಬ್ಬ ತಂಗಿ, ಒಂದೇ ಮನೆಗೆ ಸೊಸೆಯಂದಿರಾಗಿ ಬಂದವರು. ಕಥೆ ನಿಜಕ್ಕೂ ಚೆನ್ನಾಗಿತ್ತು. ಹೊಗಳಬೇಕು ಅಂತ ಹೇಳ್ತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಪಪ್ಪಾಗೆ ಹೇಳಿದೆ. ಪಪ್ಪಾ ಕೆಟ್ಟವರಲ್ಲ, ನನ್ನ ಫೀಸಿಗೆ ಎರಡು ಮಗ್ಗ ಮಾರಿದವರು. ಅವರು ನಿಜವಾಗಲೂ ಆಶ್ಚರ್ಯಪಟ್ಟು, "ಬರೀ ಮತ್ತ, ಯಾರ್ ಬ್ಯಾಡ ಅಂದಾರ?" ಅಂದರು. ಹಾಗಂದು, "ಇನ್ನೊಂದ್ ರೊಟ್ಟಿ ಹಾಕ" ಅಂದರು.

ಯಾರ್ ಬ್ಯಾಡ ಅಂದಾರ. ಹೌದು, ಯಾರೂ ಬೇಡ ಅಂದಿಲ್ಲ. ನಮ್ಮ ಮನೆಗಳಲ್ಲಿ ಈಗ ಯಾರೂ ಹೆಂಗಸರಿಗೆ ಬರೀಬೇಡ ಅನ್ನಲ್ಲ. ರೊಟ್ಟಿ ಮಾತ್ರ ಯಾರೂ ತಾವಾಗಿ ಎದ್ದು ಹಾಕಿಕೊಳ್ಳಲ್ಲ. ಅಡ್ಮಿಷನ್ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಅಂತ ಇರೋ ಜಾಗದಲ್ಲಿ ನಾನು ಗೃಹಿಣಿ ಅಂತ ಬರೆದಿದ್ದೆ, ಎರಡು ಸೆಕೆಂಡೂ ಯೋಚಿಸದೆ, ಶರ್ಲಿ ಜಾಕ್ಸನ್ ಆಸ್ಪತ್ರೆಯ ಆ ಗುಮಾಸ್ತಳ ಹಾಗೆ. ನಾನೂ ಆ ಮನೆಯವಳೇ. ಹತ್ತೊಂಬತ್ತು ವರ್ಷ ಆ ರೊಟ್ಟಿ ತಿಂದವಳು.

ಹುಡುಗರೇ, ಇಲ್ಲಿವರೆಗೆ ಓದಿದ್ದರೆ, ನಿಮಗೂ ಒಂದು ಮಾತು. "ನನ್ನ ಹೆಂಡತಿ ಬೇಕಾದ್ದು ಮಾಡಬಹುದು, ನಾನು ಫುಲ್ ಸಪೋರ್ಟ್" ಅಂತ ಕ್ಯಾಂಟೀನಿನಲ್ಲಿ ಹೇಳೋದು ಕೇಳಿದ್ದೀನಿ. ಸಪೋರ್ಟ್ ಅನ್ನೋ ಪದ ಮೆಕ್ಯಾನಿಕ್ಸ್‌ನಲ್ಲಿ ಓದಿದ ಅರ್ಥದಲ್ಲಿ ಬಳಸಿ. ಅದಕ್ಕೆ ಮ್ಯಾಗ್ನಿಟ್ಯೂಡ್ ಇರುತ್ತೆ, ಡೈರೆಕ್ಷನ್ ಇರುತ್ತೆ. ಎಷ್ಟು ನಿಮಿಷ, ಯಾವ ಕೆಲಸ, ದಿನಾನಾ ಭಾನುವಾರ ಮಾತ್ರನಾ? ಅನ್ನಕ್ಕೆ ನೀರು ಎಷ್ಟು ಅಂತ ಗೊತ್ತಾ?

ಸಂಘದವರಿಗೂ ಒಂದು ವಿನಂತಿ. ಈ ನವೆಂಬರಿನಲ್ಲಿ ಯಾರನ್ನ ಕರೆಸಿದರೂ, ಅವರ ಒಂದು ಪುಸ್ತಕ ಲೈಬ್ರರಿಗೆ ಒಂದು ತಿಂಗಳು ಮೊದಲೇ ಬರಲಿ, ಐದು ಜನ ಓದಿರಲಿ. ಲೇಖಕಿ ಬಂದರೆ ಪುಸ್ತಕದ ಬಗ್ಗೆ ಕೇಳೋಣ. ಲೇಖಕರು ಬಂದರೆ, ಪುಸ್ತಕದ ಬಗ್ಗೆ ಕೇಳಿ ಆದ ಮೇಲೆ, ಸಂಸಾರ, ಮಕ್ಕಳು, ಬರವಣಿಗೆ ಹೇಗೆ ಬ್ಯಾಲೆನ್ಸ್ ಮಾಡ್ತೀರಿ ಸರ್ ಅಂತ ನಾನೇ ಕೈ ಎತ್ತಿ ಕೇಳ್ತೀನಿ. ಗೇಲಿ ಮಾಡೋಕಲ್ಲ. ಉತ್ತರ ನಿಜಕ್ಕೂ ತಿಳ್ಕೋಬೇಕು.

ಸೆಮಿಸ್ಟರ್ ರಜೆಯಲ್ಲಿ ನಾನು, ನನ್ನ ತಮ್ಮ ಸೇರಿ ಒಂದು ಪ್ರಯೋಗ ಮಾಡಿದ್ವಿ. ಸಂಜೆ ಆರರಿಂದ ಎಂಟೂವರೆ ಅಡುಗೆಮನೆ ನಮ್ಮದು, ಮಮ್ಮಿ ಒಳಗೆ ಬರೋ ಹಾಗಿಲ್ಲ. ತಮ್ಮ ಬಡಿದ ರೊಟ್ಟಿ ಮೊದಲ ದಿನ ಕರ್ನಾಟಕದ ಮ್ಯಾಪ್ ಹಾಗಿತ್ತು, ಬೀದರ್ ಕಡೆ ಹರಿದಿತ್ತು. ಪಪ್ಪಾ ಏನೂ ಮಾತಾಡದೆ ತಿಂದರು. ಆಯಿ ಮಾತ್ರ "ಗಂಡುಡುಗನ ಕೈಲಿ ರೊಟ್ಟಿ ಬಡಸ್ತಾರ" ಅಂತ ಓಣಿಯೆಲ್ಲ ಹೇಳಿಕೊಂಡು ಬಂದಳು. ಮಮ್ಮಿಗೆ ನಾನು ಹೊಸ 200 ಪೇಜಿನ ನೋಟ್‌ಬುಕ್ ತಂದು ಕೊಟ್ಟಿದ್ದೆ.

ಅವಳು ಬರೀಲಿಲ್ಲ. ಮೊದಲ ನಾಲ್ಕು ದಿನ ಆ ಹೊತ್ತಿನಲ್ಲಿ ಮಲಗಿಬಿಟ್ಟಳು. ಐದನೇ ದಿನ ಎದ್ದು ಕೂತು ಹಳೆಯ ಒಂದು ಕಾದಂಬರಿ ಓದಿದಳು. ಏಳನೇ ದಿನ ನೋಟ್‌ಬುಕ್ ತೆಗೆದು, ಅದರಲ್ಲಿ ಆ ತಿಂಗಳ ಹಾಲಿನ ಲೆಕ್ಕ ಬರೆದಳು. ಹತ್ತನೇ ದಿನ ನನ್ನ ರಜೆ ಮುಗೀತು. ತಮ್ಮನಿಗೆ ಪಿಯು ಪರೀಕ್ಷೆ ಹತ್ತಿರ ಬಂತು.

ಹೋದ ವಾರ ಮಮ್ಮಿ ಫೋನ್ ಮಾಡಿದ್ದಳು.

"ಆ ಮೇಡಂ ಅವ್ರ ಕಾದಂಬರಿ ಓದಿದ್ಯೋ ಇಲ್ಲೋ?"

"ಓದಾಕತ್ತೀನಿ. ಅರ್ಧ ಆಗೇತಿ."

"ಹೆಂಗೈತಿ?"

"ಚೊಲೋ ಐತಿ ಮಮ್ಮಿ. ಆದ್ರ ನಡುವ ಸ್ವಲ್ಪ ಎಳದಾರ."

"ಹಾಂ. ಮುಗಿಸಿ ಬರುವಾಗ ತಗೊಂಡ್ ಬಾ. ಎಲ್ಲಿ ಎಳದಾರಂತ ನಾನೂ ನೋಡ್ತೀನಿ."